ಮಣ್ಣಿಗೆ ಹೆದರಿದ ಸುಗಂಧಾ

ಬೊಬ್ರುವಾಡದ ಸುಗಂಧಾ ಹುಡುಗಿಯಾಗಿದ್ದಾಗ ಯಾವುದಕ್ಕೂ ಹೆದರಿದವಳಲ್ಲ. ಗದ್ದೆಯ ಬದುವಿನ ಮೇಲೆ ಅಡ್ಡ ಮಲಗಿದ್ದ ಕೊಳಕುಮಂಡಲವನ್ನು, ತಲೆಯ ಮೇಲಿನ ಹುಲ್ಲುಹೊರೆ ಇಳಿಸದೆಯೇ, ಕೋಲಿನಿಂದ ಎತ್ತಿ ಆಚೆ ಒಗೆದವಳು. ಇಳಿತದ ಹೊತ್ತಿಗೆ ಹೊಳೆಯ ಕೆಸರಿನಲ್ಲಿ ಮೊಣಕಾಲ ಮಟ ಇಳಿದು ಗಂಡುಹುಡುಗರಿಗಿಂತ ಹೆಚ್ಚು ಬೆಳಚಿನ ಚಿಪ್ಪು ಆಯ್ದವಳು. ನಾಟಿಗೆ ಕೂಲಿ ಹೋಗುತ್ತಲೇ ಎಸ್ಸೆಸ್ಸೆಲ್ಸಿ ಪಾಸು ಮಾಡಿದಳು. ಭಾವಿಕೇರಿಯ ರಾಮಾನಿಗೆ ಕೊಟ್ಟು ಮದುವೆ ಮಾಡಿದ ದಿನ ದಿಬ್ಬಣದ ಟೆಂಪೋ ಕೆಸರಿನಲ್ಲಿ ಹೂತುಹೋದಾಗ, ಸೀರೆಯ ನೆರಿಗೆ ಎತ್ತಿ ಕಟ್ಟಿ ಹಿಂದಿನಿಂದ ದೂಡಿದ ಮದುಮಗಳು ಅವಳು. ಅತ್ತೆ ಗಂಗೂ ಆ ಮಾತನ್ನು ವರ್ಷಗಟ್ಟಲೆ ಎಲ್ಲರಿಗೂ ಹೇಳಿಕೊಂಡು ತಿರುಗಿದಳು. ಅರ್ಧ ಹೆಮ್ಮೆ, ಅರ್ಧ ದೂರು.

ಹೆದರಿಕೆ ಬಂದದ್ದು ಮಗಳು ಹುಟ್ಟಿದ ಮೇಲೆ. ನಾಗಶ್ರೀಯನ್ನು ಮೊದಲ ಸಲ ಮಡಿಲಿಗೆ ಹಾಕಿದಾಗ, ಆ ಪುಟ್ಟ ನೆತ್ತಿ ಉಸಿರಿನ ಜೊತೆ ಮೇಲೆ ಕೆಳಗೆ ಆಡುವುದನ್ನು ಕಂಡು ಸುಗಂಧಾ ತನ್ನ ಅಂಗೈಯನ್ನು ಅದರ ಮೇಲೆ ಮರೆಯಾಗಿ ಹಿಡಿದಳು. ಇಷ್ಟು ತೆಳ್ಳಗಿನ ತೊಗಲಿನ ಕೆಳಗೆ ಜೀವ ಇಟ್ಟು ಕಳಿಸುತ್ತಾರೆಯೇ? ಅಂದಿನಿಂದ ತೆಂಗಿನ ಮರದ ಕೆಳಗೆ ಕೂಸನ್ನು ಮಲಗಿಸಲಿಲ್ಲ. ಬಾವಿಕಟ್ಟೆಗೆ ಒಯ್ಯಲಿಲ್ಲ. ನಿದ್ದೆಹೋದ ಮಗುವಿನ ಮೂಗಿನ ಹತ್ತಿರ ಬೆರಳು ಹಿಡಿದು ಉಸಿರು ನೋಡುವುದು ಅಭ್ಯಾಸವಾಯಿತು.

"ನಮ್ ಸೊಸಿಗೆ ಗಾಳಿ ಬೀಸಿದ್ರೂ ಹೆದ್ರಿಕೆ, ನಿಂತ್ರೂ ಹೆದ್ರಿಕೆ," ಎಂದು ಗಂಗೂ ಬೇಲಿಯಾಚೆಯವರಿಗೆ ಕೇಳುವಂತೆ ಹೇಳುತ್ತಿದ್ದಳು. "ನಾ ಹೆತ್ತದ್ದು ಕಲ್ಲಾಗಿತ್ತೇನೋ. ಮಣ್ಣಲ್ಲೇ ಬಿದ್ಕಂಡು ದೊಡ್ಡದಾಯ್ತು."

ಹಾಗೆ ದೊಡ್ಡವನಾದ ರಾಮಾ ಬಿಣಗಾದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಹೆದ್ದಾರಿಯ ಪಕ್ಕದ ಬಾಡಿಗೆ ಕೋಣೆಯಲ್ಲಿ ನಾಲ್ಕು ಜನರ ಜೊತೆ ಇರುತ್ತಿದ್ದ. ವಾರದ ರಜೆಗೆ ಮಾತ್ರ ಮನೆಗೆ ಬರುತ್ತಿದ್ದ. ಉಳಿದ ದಿನ ಮನೆಯಲ್ಲಿ ಇರುವುದು ಅತ್ತೆ, ಸೊಸೆ, ಕೂಸು, ಎರಡು ದನ.

ತೊಂಬತ್ತೆರಡರ ಬೇಸಿಗೆಯಲ್ಲಿ ಕಾರವಾರದಿಂದ ಗಾಯತ್ರಿ ಎನ್ನುವ ಹುಡುಗಿ ಬಂದಳು. ಕಾಲೇಜು ಮುಗಿಸಿ ಸಂಶೋಧನೆಗೆ ಸೇರಿದವಳು. ಹೆಗಲಲ್ಲಿ ಜೋಳಿಗೆ, ಕೈಯಲ್ಲಿ ಸಣ್ಣ ಸಲಿಕೆ, ಜೋಳಿಗೆಯ ತುಂಬ ಮುಚ್ಚಳದ ಡಬ್ಬಿಗಳು. ಉಬ್ಬರದ ಉಪ್ಪುನೀರು ಹೊಕ್ಕು ಹೊರಡುವ ಗಜನಿ ಗದ್ದೆಯಲ್ಲಿ ಒಂದಿಷ್ಟು ಮಣ್ಣು, ಮೇಲಿನ ಸಿಹಿನೀರಿನ ಗದ್ದೆಯಲ್ಲಿ ಒಂದಿಷ್ಟು, ಮನೆಗಳ ಅಂಗಳ ಗೊಬ್ಬರಗುಂಡಿಗಳಲ್ಲಿ ಒಂದಿಷ್ಟು ತುಂಬಿಸಿಕೊಳ್ಳುತ್ತಿದ್ದಳು. ಡಬ್ಬಿಗಳನ್ನು ಇಡಲು ಯಾರದ್ದಾದರೂ ಜಗಲಿ ಬೇಕಾಗಿತ್ತು.

ಗಂಗೂ ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ಮಣ್ಣು ನೋಡೂಕೆ ಬಂದೋರು ಕಡೀಗೆ ಜಾಗ ತಕಂಡೇ ಹೋಗೂದು. ರೈಲಿನೋರು ಹಾಂಗೇ ಬಂದದ್ದು. ನೇವಿಯೋರೂ ಹಾಂಗೇ ಬಂದದ್ದು. ಇದ್ಯಾವ್ದೇ ಮೂರನೇದು?"

"ಅಜ್ಜಿ, ನಂಗೆ ಜಾಗ ಬೇಡ. ಡಬ್ಬಿ ಇಡ್ಲಿಕ್ಕೆ ಒಂದು ಮೂಲೆ ಸಾಕು."

"ಮೊದ್ಲು ಮೂಲೆಯೇ ಕೇಳೂದು ಎಲ್ಲರೂವ."

ಸುಗಂಧಾ ನಕ್ಕುಬಿಟ್ಟಳು, ಮೂಲೆ ಕೊಟ್ಟಳು. ಅವಳಿಗೆ ಓದಿದವರ ಜೊತೆ ನಾಲ್ಕು ಮಾತಾಡುವ ಆಸೆ ಇತ್ತು. ಗಾಯತ್ರಿ ಅವಳನ್ನು ಅತ್ತಿಗೆಯನ್ನು ಕರೆಯುವಂತೆ ವೈನಿ ಎಂದಳು. ಇವಳು ಆ ಚಿಕ್ಕ ಹುಡುಗಿಯನ್ನು ಟೀಚರನ್ನು ಕರೆಯುವಂತೆ ಅಕ್ಕೋರೆ ಎಂದಳು.

"ಮಣ್ಣಲ್ಲಿ ಎಂತ ಹುಡುಕ್ತ್ರಿ ಅಕ್ಕೋರೆ?"

"ಜೀವಿಗಳು. ಹುಳ ಅಲ್ಲ, ಬೂಷ್ಟು ಅಲ್ಲ, ಬ್ಯಾಕ್ಟೀರಿಯಾನೂ ಅಲ್ಲ. ಇಡೀ ಮೈಯೇ ಒಂದು ಜೀವಕೋಶ. ಶಾಲೆಯಲ್ಲಿ ಅಮೀಬಾ ಓದಿರ್ಬೇಕಲ್ಲ ವೈನಿ?"

"ಚಿತ್ರ ಬಿಡ್ಸಿದ್ದೆ. ಕಾವಲಿಗೆ ಹಿಡದು ಹರದ ದೋಸೆ ಹಾಂಗೆ."

ಗಾಯತ್ರಿಗೆ ನಗು ತಡೆಯಲಾಗಲಿಲ್ಲ. ಆ ಖುಷಿಯಲ್ಲೇ ಮರದ ಪೆಟ್ಟಿಗೆಯಿಂದ ಸೂಕ್ಷ್ಮದರ್ಶಕ ತೆಗೆದು ಜಗಲಿಯ ಅಂಚಿಗಿಟ್ಟಳು. ಕೆಳಗಿನ ಕನ್ನಡಿಯನ್ನು ಅಂಗಳದ ಬೆಳಕಿಗೆ ತಿರುಗಿಸಿದಳು. ಅದೇ ಅಂಗಳದ ಮಣ್ಣನ್ನು ಕೆಲವು ದಿನ ನೀರಿನಲ್ಲಿ ನೆನೆಸಿಟ್ಟಿದ್ದಳು. ಅದರ ಒಂದು ಹನಿಯನ್ನು ಗಾಜಿನ ಮೇಲೆ ಬಿಟ್ಟಳು.

ಸುಗಂಧಾ ಒಂದು ಕಣ್ಣು ಮುಚ್ಚಿ ಬಗ್ಗಿದಳು. ಮೊದಲು ಬೆಳಕು ಮಾತ್ರ ಕಂಡಿತು. ಆಮೇಲೆ ಬೆಳಕು ಅಲ್ಲಾಡಿತು. ಚಪ್ಪಲಿಯಾಕಾರದ್ದೊಂದು ಮೈತುಂಬ ಕೂದಲು ಬಡಿಯುತ್ತ ಸುಂಯ್ ಎಂದು ಹಾದುಹೋಯಿತು. ಎಳ್ಳಿನಷ್ಟೂ ಇಲ್ಲದ ಚುಕ್ಕಿಗಳು ಬಾಲದ ಚಾಟಿ ಬೀಸಿಕೊಂಡು ಗಿರಗಿರ ತಿರುಗಿದವು. ಇನ್ನೊಂದು ಮರಳಕಣಗಳನ್ನು ಅಂಟಿಸಿ ಮಾಡಿಕೊಂಡ ಕುಡಿಕೆಯೊಳಗೆ ಕೂತು, ಬಾಯಿಯಿಂದ ತೆಳ್ಳನೆಯ ಕೈ ಹೊರಗೆ ಚಾಚುತ್ತಿತ್ತು. ಅವುಗಳ ನಡುವೆ ಆಕಾರವೇ ಇಲ್ಲದ್ದೊಂದು ಮೆಲ್ಲಗೆ ಹರಿದು ಬಂತು. ಎದುರಿಗಿದ್ದ ಚುಕ್ಕಿಯ ಎರಡೂ ಬದಿಗೆ ಹರಡಿಕೊಂಡಿತು. ಚುಕ್ಕಿ ಒಳಗೆ ಹೋಯಿತು. ಒಳಗೆ ಹೋದ ಮೇಲೂ ಸ್ವಲ್ಪ ಹೊತ್ತು ಮಿಸುಕಾಡಿತು.

ಅವಳು ತಟ್ಟನೆ ತಲೆ ಎತ್ತಿದಳು. ನಾಗಶ್ರೀ ಅಂಗಳದಲ್ಲಿ ಕೂತು ಎರಡೂ ಕೈಯಿಂದ ಮಣ್ಣು ಕೆದರುತ್ತಿದ್ದಳು.

"ಇವು ಇಲ್ಲದಿದ್ರೆ ನಿಮ್ಮ ಭತ್ತಕ್ಕೆ ಊಟ ಇಲ್ಲ ವೈನಿ," ಎನ್ನುತ್ತಿದ್ದಳು ಗಾಯತ್ರಿ. ತನ್ನ ವಿಷಯ ಸಿಕ್ಕಿದರೆ ಅವಳ ಮಾತು ನಿಲ್ಲುವುದಿಲ್ಲ. "ಕೊಳೆತ ಸೊಪ್ಪಿನ ಸತ್ವ ಎಲ್ಲ ಬ್ಯಾಕ್ಟೀರಿಯಾ ಹೊಟ್ಟೆಯಲ್ಲಿ ಸಿಕ್ಕಿಬಿದ್ದಿರ್ತದೆ. ಇವು ಅದನ್ನ ಮೇಯ್ತವೆ. ದನ ಮೇಯ್ದು ಸಗಣಿ ಹಾಕಿದ ಹಾಗೆ, ಇವು ಮೇಯ್ದು ಬಿಟ್ಟದ್ದನ್ನ ಬೇರು ಹೀರ್ಕೊಳ್ತದೆ. ಒಂದು ಚಿಟಿಕೆ ಮಣ್ಣಲ್ಲಿ ಸಾವಿರಗಟ್ಟಲೆ ಇವೆ."

"ಬೇಸಿಗೀಲಿ ಸಾಯೂದಿಲ್ವಾ?"

"ಇಲ್ಲ. ಸುತ್ತ ಒಂದು ಗಟ್ಟಿ ಪೊರೆ ಕಟ್ಕೊಂಡು ಮಲಗ್ತವೆ. ನೀರು ಸೋಕಿದ ಕೂಡ್ಲೇ ಎದ್ವು. ಈಗ ನೋಡಿ, ಇನ್ನೊಂದು ಮಜಾ." ಗಾಯತ್ರಿ ಒಳಗಿನಿಂದ ಎರಡು ಹರಳು ಉಪ್ಪು ತರಿಸಿ, ಕರಗಿಸಿ, ಹನಿಯ ಅಂಚಿಗೆ ತಾಗಿಸಿದಳು. ಸುಗಂಧಾ ಮತ್ತೆ ನೋಡಿದಳು. ಓಡುತ್ತಿದ್ದವು ನಿಂತವು. ತುಂಬಿದ್ದ ಮೈಗಳು ಮುದುಡಿ ಸುಕ್ಕಾದವು. ಗಜನಿ ಮಣ್ಣಿನ ಹನಿಗೆ ಅಷ್ಟೇ ಉಪ್ಪು ಹಾಕಿದರೆ, ಅಲ್ಲಿಯವು ಏನೂ ಆಗದಂತೆ ತಿರುಗುತ್ತಿದ್ದವು. "ಅವುಕ್ಕೆ ಉಪ್ಪು ಅಭ್ಯಾಸ. ಅಂಗಳದವುಕ್ಕೆ ಇಲ್ಲ. ಊರು ಒಂದೇ ಆದ್ರೂ ಜಾತಿ ಬೇರೆ."

"ಹೊಟ್ಟಿಗೆ ಹೋದ್ರೆ ಎಂತ ಮಾಡ್ತದೆ ಅಕ್ಕೋರೆ?"

"ಹೆಚ್ಚಿನವು ಏನೂ ಮಾಡೂದಿಲ್ಲ," ಎಂದಳು ಗಾಯತ್ರಿ, ಗಾಜು ಒರೆಸುತ್ತ. "ಕೆಲವು ಇವೆ. ಆಮಶಂಕೆ ತರೋ ಅಮೀಬಾ ಕೇಳಿರ್ಬೇಕಲ್ಲ. ಅದು ಬೇರೆ."

ಹೆಚ್ಚಿನವು ಎನ್ನುವುದು ಸುಗಂಧಾಳ ಕಿವಿಯಲ್ಲಿ ಉಳಿಯಲಿಲ್ಲ. ಕೆಲವು ಎನ್ನುವುದು ಉಳಿಯಿತು.

ಆ ಹನಿ ನೋಡಿದ ಮೇಲೆ ಅವಳಿಗೆ ನೆಲದ ಮೇಲೆ ಕಾಲಿಡುವುದೇ ಒಂದು ಬಗೆಯಾಯಿತು. ಅಂಗಳ ಗುಡಿಸುವಾಗ, ಸಗಣಿ ಸಾರಿಸುವಾಗ, ಕೆಳಗೆ ಏನೋ ಒಟ್ಟಾಗಿ ಹರಿದಾಡುತ್ತಿದೆ ಎನ್ನಿಸುತ್ತಿತ್ತು. ಮಗುವನ್ನು ಸೊಂಟದಿಂದ ಇಳಿಸುವುದನ್ನೇ ಬಿಟ್ಟಳು. ಇಳಿಸಿದರೂ ಚಾಪೆಯ ಮೇಲೆ. ಚಾಪೆ ದಾಟಿದರೆ ಕೈ ತೊಳೆಯುವುದು, ಉಗುರಿನೊಳಗೆ ಕಡ್ಡಿ ಹಾಕಿ ತೆಗೆಯುವುದು. ಮಗುವಿನ ಅಂಗೈ ಒಗೆದ ಬಟ್ಟೆಯಂತೆ ಬಿಳುಚಿಕೊಂಡಿತು.

"ತೊಳದು ತೊಳದು ಕೂಸಿನ ಕೈರೇಖೆ ಅಳಸ್ತೆ ನೀನು," ಎಂದಳು ಗಂಗೂ. "ನಾಳೆ ಜ್ಯೋತಿಷ್ಯದವ ಎಂತದ ನೋಡೂದು?"

ಗಾಯತ್ರಿ ಡಬ್ಬಿಗಳಲ್ಲಿ ಅರ್ಧವನ್ನು ಕಾರವಾರಕ್ಕೆ ಒಯ್ದಳು. ಮಳೆ ಬಿದ್ದ ಮೇಲೆ ಮತ್ತೆ ಬರುತ್ತೇನೆ ಎಂದಳು. ಮಳೆ ಬಿತ್ತು. ಮೂರು ದಿನ ಬಿಡದೆ ಹೊಯ್ದು, ಒಂದು ಬೆಳಿಗ್ಗೆ ಸ್ವಲ್ಪ ಹೊಳವಾಯಿತು. ಕೊಟ್ಟಿಗೆಯ ಹಿಂದೆ ಗೊಬ್ಬರಕ್ಕೆಂದು ಗುಡ್ಡದಿಂದ ತಂದು ಒಟ್ಟಿದ್ದ ದರಕಿನ ರಾಶಿ, ಆ ಒಣ ಎಲೆಗಳೆಲ್ಲ ನೆಂದು ಕಪ್ಪಾಗಿ ಹಬೆಯಾಡುತ್ತಿದ್ದವು. ದನಕ್ಕೆ ಹುಲ್ಲು ಹಾಕಲು ಹೋದ ಸುಗಂಧಾ ರಾಶಿಯ ಬುಡದಲ್ಲಿ ಅದನ್ನು ಕಂಡಳು.

ಅಚ್ಚ ಹಳದಿ. ಅರಿಶಿನದಲ್ಲಿ ಕಲಸಿದ ರವೆಯನ್ನು ಯಾರೋ ಚೆಲ್ಲಿದಂತೆ, ಅಂಗೈ ಅಗಲ, ನೊರೆನೊರೆಯಾಗಿ.

"ಅತ್ತೆ, ಇದೆಂತದು ನೋಡ್ರಾ."

ಗಂಗೂ ಬಗ್ಗಿ ನೋಡಿದಳು. "ನಾಯಿ ಕಾರಿದ್ದು."

"ನಮ್ಮಲ್ಲಿ ನಾಯಿ ಎಲ್ಲದೆ?"

"ಬೇರೋರ ನಾಯಿ ನಮ್ಮಲ್ಲಿ ಕಾರೂಕಾಗ್ದು ಅಂತ ಕಾಯ್ದೆ ಅದ್ಯಾ?"

ಸುಗಂಧಾ ಒಂದು ಅಡಿಕೆ ಹಾಳೆಯ ತುಂಡಿನಿಂದ ಕೆರೆದು ತೆಗೆಯಬೇಕೆಂದುಕೊಂಡಳು. ಅಷ್ಟರಲ್ಲಿ ಮಗು ಎದ್ದು ಅತ್ತಿತು, ಒಳಗೆ ಹೋದಳು. ಗಂಜಿ, ಮೀನು, ಪಾತ್ರೆ ಎಂದು ಹೊತ್ತು ಹೋಯಿತು. ಮಧ್ಯಾಹ್ನದ ಹೊತ್ತಿಗೆ ಹಿಂದೆ ಹೋದವಳು ನಿಂತಲ್ಲೇ ನಿಂತಳು. ಹಳದಿ ಬುಡದಲ್ಲಿರಲಿಲ್ಲ. ಬುಡದಲ್ಲಿ ಬಸವನಹುಳ ಹರಿದಂತೆ ಒಂದು ಒಣಗಿದ ಜಾಡು ಇತ್ತು. ಜಾಡು ಮುಗಿದಲ್ಲಿ, ಒಂದು ಗೇಣು ಮೇಲೆ, ರಾಶಿಗೆ ಒರಗಿಸಿದ್ದ ತೆಂಗಿನ ಕೊರಡಿನ ಮೇಲೆ ಅದು ಹತ್ತಿ ಕೂತಿತ್ತು. ಬೆಳಿಗ್ಗೆಗಿಂತ ದೊಡ್ಡದಾಗಿ. ಅಂಚಿನಲ್ಲಿ ಬೆರಳು ಬೆರಳಾಗಿ ಮುಂದಕ್ಕೆ ಚಾಚಿಕೊಂಡು.

ಕಾಲಿಲ್ಲ, ತಲೆಯಿಲ್ಲ. ಆದರೂ ನಡೆದಿದೆ.

ಅವಳ ಕಣ್ಣ ಮುಂದೆ ಆ ಹನಿ ಬಂತು. ಆಕಾರವಿಲ್ಲದೆ ಹರಿದು, ಎರಡೂ ಬದಿಗೆ ಹರಡಿ ನುಂಗಿದ್ದು. ಅವೇ ಇವು. ಮಳೆನೀರಿಗೆ ಎದ್ದು, ಎಲ್ಲ ಒಂದಾಗಿ, ಕಣ್ಣಿಗೆ ಕಾಣುವಷ್ಟು ಬೆಳೆದು ಹೊರಗೆ ಬಂದಿವೆ. ಹತ್ತಿರವಿದ್ದ ಬುಟ್ಟಿಯನ್ನು ಅದರ ಮೇಲೆ ಕವುಚಿದಳು. ಉಪ್ಪು ತರಲು ಒಳಗೆ ಓಡಿದಳು.

ಉಪ್ಪು ತುಂಬಿಡುವ ಮರದ ಪಾತ್ರೆ, ಮರಿಗೆ, ಅಟ್ಟದ ಕೆಳಗೆ ಇತ್ತು. ಅದರ ಮುಚ್ಚಳ ತೆಗೆದು ಬೊಗಸೆ ತುಂಬಿಕೊಂಡು ಹಿಂದಕ್ಕೆ ಬರುವಷ್ಟರಲ್ಲಿ, ಜಗಲಿಯ ಚಾಪೆಯ ಮೇಲೆ ಅಜ್ಜಿಯ ಪಕ್ಕ ಇರಬೇಕಾಗಿದ್ದ ನಾಗಶ್ರೀ ರಾಶಿಯ ಹತ್ತಿರ ಕೂತಿದ್ದಳು. ಬುಟ್ಟಿ ಮಗ್ಗುಲಾಗಿತ್ತು. ಮಗುವಿನ ಐದೂ ಬೆರಳು ಹಳದಿ. ತುಟಿ ಹಳದಿ. ತಾಯಿಯನ್ನು ನೋಡಿ ನಕ್ಕಳು, ನಾಲಿಗೆಯೂ ಹಳದಿ.

"ಆಯಿ, ಮಮ್ಮು," ಎಂದಳು.

ಮುಂದೆ ನಡೆದದ್ದೆಲ್ಲ ಒಂದೇ ಉಸಿರಿನಲ್ಲಿ ನಡೆಯಿತು. ಸುಗಂಧಾ ಉಪ್ಪನ್ನು ಸೆರಗಿಗೆ ಸುರಿದುಕೊಂಡು, ಬೆರಳು ಹಾಕಿ ಬಾಯಿ ತೆಗೆದಳು, ಇದ್ದಷ್ಟು ಕಿತ್ತಳು, ನುಂಗಿದ್ದು ನುಂಗಿಯಾಗಿತ್ತು. ಗಂಗೂ ಎದೆ ಬಡಿದುಕೊಂಡು ಬಂದಳು: "ಅಯ್ಯೋ, ನಾ ಕಣ್ ಮುಚ್ಚಿದ್ದು ಒಂದು ಗಳಿಗೆ!" ಆದರೆ ಸುಗಂಧಾಳಿಗೆ ಅಳು ಬರಲಿಲ್ಲ. ಏನು ಮಾಡಬೇಕೆಂದು ತನಗೆ ಗೊತ್ತಿದೆ ಎನ್ನಿಸಿತು. ಕಣ್ಣಾರೆ ಕಂಡಿದ್ದಳಲ್ಲ. ಅಂಗಳದವುಕ್ಕೆ ಉಪ್ಪು ಆಗುವುದಿಲ್ಲ.

ಸೆರಗಿನಲ್ಲಿದ್ದ ಆ ಬೊಗಸೆ ಉಪ್ಪನ್ನೇ ತಂಬಿಗೆಗೆ ಸುರಿದು ನೀರು ಹಾಕಿ ಕದಡಿದಳು. "ಕೈ ಹಿಡೀರಿ ಅತ್ತೆ." ಗಂಗೂ ಹಿಡಿದಳು. ಮಗು ತಲೆ ತಿರುಗಿಸಿತು, ಉಗುಳಿತು, ಕಿರುಚಿತು. ಮೂಗು ಹಿಡಿದು ಕುಡಿಸಿದಳು. ಸ್ವಲ್ಪ ಹೊತ್ತಿಗೆ ವಾಂತಿಯಾಯಿತು. ಗಂಜಿಯ ಜೊತೆ ಹಳದಿಯೂ ಬಿತ್ತು.

"ಬಂತು, ಬಂತು," ಎಂದಳು ಗಂಗೂ. "ಎಲ್ಲಾ ಬಂತು. ಸಾಕೆ."

"ಒಂದು ಉಳದ್ರೂ ಬೆಳೀತದೆ ಅತ್ತೆ," ಎಂದು ಸುಗಂಧಾ ಮತ್ತೊಮ್ಮೆ ಕದಡಿದಳು. ಮತ್ತೊಮ್ಮೆ ಕುಡಿಸಿದಳು. ಈ ಸಲ ಅಷ್ಟು ಹೊರಗೆ ಬರಲಿಲ್ಲ. ಒಳಗೇ ಇದ್ದು ಕೊಲ್ಲಲಿ ಎಂದುಕೊಂಡಳು.

ಮಗು ನೀರು ಕೇಳಿತು. ಬಿಕ್ಕುತ್ತ, ಬಾಯಿ ಚಪ್ಪರಿಸುತ್ತ, ಕೊಡದ ಕಡೆ ಕೈ ಚಾಚಿ ಕೇಳಿತು. "ಆಯಿ, ನೀ. ನೀ."

ಗಂಗೂ ಲೋಟ ತುಂಬಿಸಿದಳು. ಸುಗಂಧಾ ಕೈ ಅಡ್ಡ ಹಿಡಿದಳು. "ನೀರು ಬೇಡ. ನೀರು ಸೋಕಿದ್ರೆ ಏಳ್ತವೆ ಅವು."

"ಎಂತ ಏಳೂದೆ ಮಾರಾಯ್ತಿ? ಕೂಸಿನ ಗಂಟಲು ಒಣಗ್ತಾ ಅದೆ."

"ನಿಮಗೆ ತಿಳೀದಿಲ್ಲ ಅತ್ತೆ. ನಾ ಕಂಡಿದ್ದೆ."

ಅಷ್ಟು ಗಟ್ಟಿಯಾಗಿ ಅವಳು ಅತ್ತೆಗೆ ಯಾವತ್ತೂ ಮಾತಾಡಿರಲಿಲ್ಲ. ಗಂಗೂ ಲೋಟ ಕೆಳಗಿಟ್ಟಳು. ಮಗು ಕೇಳುತ್ತಲೇ ಇತ್ತು, ಆಮೇಲೆ ಕೇಳುವುದನ್ನು ಬಿಟ್ಟಿತು. ತಣ್ಣಗಾಯಿತು ಎಂದು ಇಬ್ಬರಿಗೂ ಮೊದಲು ಸಮಾಧಾನವಾಯಿತು. ಸುಗಂಧಾ ಮೂಗಿನ ಹತ್ತಿರ ಬೆರಳು ಹಿಡಿದಳು. ಉಸಿರು ಬಿಸಿಯಾಗಿ, ಬೇಗಬೇಗ ಬರುತ್ತಿತ್ತು. ಕೆನ್ನೆ ತಟ್ಟಿದರೆ ಕಣ್ಣು ಅರ್ಧ ತೆರೆಯಿತು, ಯಾರನ್ನೂ ನೋಡಲಿಲ್ಲ. ಎಡಗೈಯ ಬೆರಳುಗಳು ತಮ್ಮಷ್ಟಕ್ಕೆ ತಾವೇ ಹಾರತೊಡಗಿದವು.

ಗಂಗೂ ದೇವರ ಕೋಣೆಯ ಕಡೆ ತಿರುಗಿ ಕಾಯಿ ಹರಕೆ ಹೇಳಿಕೊಂಡಳು. ಹೇಳಿಕೊಳ್ಳುತ್ತಲೇ ಬೇಲಿ ಹಾರಿ, ಮೀನಿನ ಟೆಂಪೋ ಓಡಿಸುವ ನೆರೆಮನೆಯ ಬೀರುವನ್ನು ಊಟದ ಬಟ್ಟಲಿನಿಂದ ಎಬ್ಬಿಸಿಕೊಂಡು ಬಂದಳು. ಸುಗಂಧಾ ಹೊರಡುವಾಗ ಗಾಯತ್ರಿಯ ಖಾಲಿ ಡಬ್ಬಿಯೊಂದರಲ್ಲಿ ಕೊರಡಿನ ಮೇಲಿನ ಹಳದಿಯನ್ನು ಕೆರೆದು ತುಂಬಿಸಿಕೊಂಡಳು. ಡಾಕ್ಟರಿಗೆ ತೋರಿಸಬೇಕಲ್ಲ. ಮುಚ್ಚಳ ಬಿಗಿದಳು, ಮತ್ತೊಮ್ಮೆ ಬಿಗಿದಳು.

ಮಳೆ ಮತ್ತೆ ಹಿಡಿಯಿತು. ಟೆಂಪೋದ ಮುಂದಿನ ಸೀಟಿನಲ್ಲಿ ಮೀನಿನ ವಾಸನೆಯ ನಡುವೆ ಮೂವರೂ ಒತ್ತಿ ಕೂತಿದ್ದರು. ಬೀರು ಹಾರನ್ ಮೇಲಿಂದ ಕೈ ತೆಗೆಯಲಿಲ್ಲ. "ಏನೂ ಆಗೂದಿಲ್ಲ ಅಕ್ಕಾ, ನಮ್ ಮಂಜೂನ ಪೋರ ಸೀಮೆಎಣ್ಣೆ ಕುಡ್ದವ, ಈಗ ಶಾಲಿಗೆ ಹೋಗ್ತ," ಎಂದ. ಸುಗಂಧಾಳಿಗೆ ಕೇಳಲಿಲ್ಲ. ಅವಳು ಮಗುವಿನ ಹೊಟ್ಟೆಯ ಮೇಲೆ ಅಂಗೈ ಇಟ್ಟುಕೊಂಡಿದ್ದಳು; ಒಳಗೆ ಏನಾದರೂ ಹರಿಯುತ್ತಿದೆಯೇ ಎಂದು.

ಅಂಕೋಲೆಯ ಆಸ್ಪತ್ರೆಯಲ್ಲಿ ಡಾಕ್ಟರು ಮಗುವನ್ನು ಮೇಜಿನ ಮೇಲೆ ಮಲಗಿಸಿ ರೆಪ್ಪೆ ಎತ್ತಿ ನೋಡಿದರು, ನಾಲಿಗೆ ನೋಡಿದರು, ಹೊಟ್ಟೆಯ ಚರ್ಮ ಚಿವುಟಿ ನೋಡಿದರು. ಡಬ್ಬಿಯ ಮುಚ್ಚಳ ತೆಗೆದು ಮೂಸಿದರು. ಅವರಿಗೂ ಅದು ಏನೆಂದು ತಿಳಿಯಲಿಲ್ಲ.

"ಇದನ್ನು ತಿಂದು ಎಷ್ಟು ಹೊತ್ತಾಯ್ತು? ಮನೆಯಲ್ಲಿ ಏನಾದ್ರೂ ಕೊಟ್ಟಿದ್ದೀರಾ?"

ಈ ಪ್ರಶ್ನೆಗೇ ಸುಗಂಧಾ ಕಾದಿದ್ದಳು. "ಕೊಟ್ಟಿದ್ದೆ ಡಾಕ್ಟ್ರೆ. ಕೂಡ್ಲೇ ಉಪ್ಪುನೀರು ಕುಡ್ಸಿದೆ. ಎರಡು ಸಲ. ಮತ್ತೆ ನೀರು ಮುಟ್ಸಲಿಲ್ಲ."

ಡಾಕ್ಟರ ಕೈ ನಿಂತಿತು. "ಉಪ್ಪು ಎಷ್ಟು ಹಾಕಿದ್ರಿ?"

ಅವಳು ಬೊಗಸೆ ಒಡ್ಡಿ ತೋರಿಸಿದಳು.

ಅವರ ಮುಖದಲ್ಲಿ ಆದ ಬದಲಾವಣೆಯನ್ನು ಅವಳು ನೋಡುತ್ತಿದ್ದಳು. ಡಬ್ಬಿಯನ್ನು ಅವರು ಕೆಳಗಿಟ್ಟರು, ಇನ್ನೊಮ್ಮೆ ಅದರ ಕಡೆ ನೋಡಲಿಲ್ಲ. ನರ್ಸನ್ನು ಕೂಗಿದ ಸ್ವರವೇ ಬೇರೆಯಾಗಿತ್ತು. ಸೂಜಿ ಹುಡುಕಿದರು, ಕೈಯಲ್ಲಿ ನರ ಸಿಗಲಿಲ್ಲ, ಕಾಲಿನಲ್ಲಿ ಸಿಕ್ಕಿತು. ಬಾಟಲಿಯ ಹನಿಯನ್ನು ತಾವೇ ನಿಂತು ತಿರುಗಿಸಿ ತಿರುಗಿಸಿ ನಿಧಾನ ಮಾಡಿದರು. ಕಾರವಾರದ ಯಾರೋ ಮಕ್ಕಳ ಡಾಕ್ಟರಿಗೆ ಫೋನು ಮಾಡಿಸಿದರು. ಆಮೇಲೆ ಅವಳನ್ನು ಕರೆದು, ಬೈಯದೆ, ಮೆಲ್ಲಗೆ ಹೇಳಿದರು.

"ನೋಡಮ್ಮ, ಹಳದಿಯದ್ದು ಇರಲಿ. ಇಷ್ಟು ಚಿಕ್ಕ ಮೈಗೆ ಅಷ್ಟು ಉಪ್ಪು ವಿಷ. ರಕ್ತಕ್ಕೆ ಸೇರಿ ಮಿದುಳಿನ ನೀರನ್ನು ಎಳೀತಾ ಇದೆ. ಕೈ ಹಾರುವುದು ಅದಕ್ಕೇ."

"ಹಾಂಗಾರೆ ನೀರು ಕೊಡಿ ಡಾಕ್ಟ್ರೆ! ಕೇಳ್ತಾ ಇತ್ತು ಅದು. ನಾನೇ ಕೊಡ್ಲಿಲ್ಲ. ಈಗ ಕೊಡಿ!"

"ಈಗ ಒಮ್ಮೆಲೇ ಕೊಟ್ಟರೆ ಮಿದುಳು ಬಾತುಕೊಳ್ತದೆ. ಹನಿ ಹನಿಯಾಗಿ ಇಳಿಸಬೇಕು. ಬೇರೆ ಊರಿಗೆ ಸಾಗಿಸುವ ಸ್ಥಿತಿಯಲ್ಲೂ ಇಲ್ಲ. ನಾನು ಇಲ್ಲೇ ಇರ್ತೇನೆ. ಮಗು ಉಚ್ಚೆ ಹೊಯ್ದರೆ ನನ್ನನ್ನು ಕರೀರಿ. ಅದು ಶುರುವಾದರೆ ಧೈರ್ಯ ಹೇಳಬಹುದು."

ಸುಗಂಧಾ ಹಾಸಿಗೆಯ ಅಂಚಿಗೆ ಕೂತು ಮಗುವನ್ನು ಮಡಿಲಿಗೆ ತೆಗೆದುಕೊಂಡಳು. ಹೊಟ್ಟೆಯ ಮೇಲಿಟ್ಟಿದ್ದ ಕೈಯನ್ನು ಈಗ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಇಷ್ಟು ಹೊತ್ತು ಅವಳು ಹೆದರಿದ್ದು ಡಬ್ಬಿಯೊಳಗಿನದಕ್ಕೆ. ಈಗ ತನ್ನ ಕೈಗೇ ಹೆದರಿಕೆಯಾಯಿತು. ಕಟ್ಟೆ ಒಡೆದು ಉಪ್ಪುನೀರು ಹೊಕ್ಕರೆ ಮೇಲಿನ ಗದ್ದೆಯ ಸಸಿ ಒಂದೇ ದಿನದಲ್ಲಿ ಸೀದು ಬೀಳುವುದನ್ನು ಹುಟ್ಟಿದಾಗಿನಿಂದ ಕಂಡವಳು ಅವಳು. ಗಜನಿಯ ಭತ್ತ ತಡೆಯುತ್ತದೆ, ಮೇಲಿನದು ತಡೆಯುವುದಿಲ್ಲ. ಇದನ್ನು ಅವಳಿಗೆ ಯಾರೂ ಸೂಕ್ಷ್ಮದರ್ಶಕದಲ್ಲಿ ತೋರಿಸಬೇಕಾಗಿರಲಿಲ್ಲ. ಹನಿಯೊಳಗಿನ ಜೀವ ಉಪ್ಪಿಗೆ ಮುದುಡಿದ್ದು ನೆನಪಿತ್ತು. ಮಗಳೂ ಅಂಗಳದ ಜೀವವೇ ಎನ್ನುವುದು ಹೇಗೆ ಮರೆತುಹೋಯಿತು?

ಸಂಜೆಯ ಮೊದಲು ಗಾಯತ್ರಿ ಓಡಿಬಂದಳು. ಅದೇ ದಿನ ಡಬ್ಬಿ ಒಯ್ಯಲು ಭಾವಿಕೇರಿಗೆ ಬಂದವಳಿಗೆ ಬೀದಿಯಲ್ಲೇ ಸುದ್ದಿ ಸಿಕ್ಕಿತ್ತು. ಪೂರ್ತಿ ಒದ್ದೆಯಾಗಿದ್ದಳು. ಬಾಗಿಲಲ್ಲಿ ಗಂಗೂ ಅಡ್ಡ ನಿಂತಳು.

"ಬಂದ್ಯಾ? ನಿನ್ನ ಡಬ್ಬೀಂದ ಹೊರಗೆ ಬಿದ್ದದ್ದು ನಮ್ ಕೂಸಿನ ಜೀವ ತಿಂತಾ ಅದೆ. ಬಾ, ನೋಡು, ಬರ್ಕೋ."

ಗಾಯತ್ರಿ ಕಿಟಕಿಯ ಮೇಲಿದ್ದ ಡಬ್ಬಿ ತೆಗೆದು ನೋಡಿದಳು. "ಇದು ನನ್ನದಲ್ಲ ಅಜ್ಜಿ. ಇದೊಂದು ಲೋಳೆಜೀವಿ, ನಿಮ್ಮ ದರಕಿನದೇ. ನಾನು ಹುಟ್ಟೋ ಮೊದ್ಲಿಂದ್ಲೂ ಇಲ್ಲಿ ಇದ್ದದ್ದು. ಮಳೆ ಬಿದ್ದಾಗ ಮೇಲೆ ಬರ್ತದೆ, ಕೊಳೆತದ್ರ ಮೇಲಿನ ಬ್ಯಾಕ್ಟೀರಿಯಾ ಮೇಯ್ತದೆ, ಆಮೇಲೆ ಒಣಗಿ ಪುಡಿಯಾಗಿ ಹೋಗ್ತದೆ. ಇದರಿಂದ ಜನ ಸತ್ತದ್ದು ನಾನು ಎಲ್ಲೂ ಓದಿಲ್ಲ." ಹಾಸಿಗೆಯ ಕಡೆ ತಿರುಗಿ ಕೇಳಿದಳು: "ಉಪ್ಪು ಯಾರು ಹೇಳಿದ್ದು ವೈನಿ?"

ಸುಗಂಧಾ ತಲೆ ಎತ್ತಿದಳು. ಸಿಟ್ಟಿರಲಿಲ್ಲ. "ನೀವೇ ತೋರ್ಸಿದ್ರಲ್ಲ ಅಕ್ಕೋರೆ. ಉಪ್ಪು ತಾಗ್ದ ಕೂಡ್ಲೇ ಸತ್ತವಲ್ಲ ಎಲ್ಲ."

ಗಾಯತ್ರಿ ಡಬ್ಬಿ ಹಿಡಿದುಕೊಂಡೇ ಗೋಡೆಗೆ ಒರಗಿದಳು. ಹಾಗೇ ನೆಲದ ಮೇಲೆ ಕೂತಳು. ಎಷ್ಟೋ ಹೊತ್ತಿನ ಮೇಲೆ ಗಂಗೂ ತನ್ನ ಒಣ ಸೆರಗನ್ನು ಅವಳ ತಲೆಯ ಮೇಲೆ ಹಾಕಿದಳು. "ತಲೆ ಒರೆಸ್ಕೋ. ಇನ್ನು ನಿಂಗೂ ಜ್ವರ ಬಂದ್ರೆ ನೋಡೂಕೆ ಯಾರದಾರೆ ಇಲ್ಲಿ?"

ರಾಮಾ ಬಂದದ್ದು ದೀಪ ಹಚ್ಚುವ ಹೊತ್ತಿಗೆ. ಬೀರು ಬಿಣಗಾದವರೆಗೂ ಹೋಗಿ ಕರೆತಂದಿದ್ದ. ಕೆಲಸದ ಬಟ್ಟೆಯಲ್ಲೇ ಇದ್ದ. ಎಲ್ಲ ಕೇಳಿದ. ಹೆಂಡತಿ ತನ್ನ ಕಡೆ ನೋಡದೆ, "ನಾನೇ ಕುಡ್ಸಿದ್ದು," ಎಂದಾಗ, ಮಗುವಿನ ಕಾಲಿಗೆ ಕಟ್ಟಿದ ಪಟ್ಟಿಯನ್ನು ಸವರಿದ. "ನಾ ಇದ್ದಿದ್ರೂ ಉಪ್ಪಿನ ಮರಿಗೆ ನಾನೇ ತಂದುಕೊಡ್ತಿದ್ದೆ," ಎಂದ. ಆಗ ಸುಗಂಧಾಳಿಗೆ ಮೊದಲ ಸಲ ಅಳು ಬಂತು. ಮಗುವಿನ ಮೇಲೆ ಕಣ್ಣೀರು ಬೀಳದಂತೆ ಮುಖ ಆಚೆ ತಿರುಗಿಸಿ ಅತ್ತಳು; ಕಣ್ಣೀರೂ ಉಪ್ಪು.

ಇರುಳಿಡೀ ಹನಿ ಬೀಳುತ್ತಿತ್ತು. ಒಮ್ಮೆ ಮೈ ಸೆಟೆದುಕೊಂಡಿತು. ಡಾಕ್ಟರು ಬಂದು ಸೂಜಿಮದ್ದು ಕೊಟ್ಟರು, ಸಡಿಲವಾಯಿತು. ಸಡಿಲವಾದದ್ದು ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಸುಗಂಧಾಳ ಕಾಲು ಮರಗಟ್ಟಿ ತನ್ನದಲ್ಲವೆನ್ನಿಸಿತು. ಅಲ್ಲಾಡಲಿಲ್ಲ. ಮಗುವಿನ ಕೆಳಗೆ ಹಾಸಿದ ಬಟ್ಟೆಗೆ ಮತ್ತೆ ಮತ್ತೆ ಕೈ ತಾಗಿಸಿ ನೋಡಿದಳು. ಒಣ. ಪ್ರತಿ ಸಲವೂ ಒಣ. ಮುಟ್ಟುವುದಕ್ಕೇ ಭಯವಾಗಿ ಸ್ವಲ್ಪ ಹೊತ್ತು ಬಿಟ್ಟಳು. ಬಿಟ್ಟರೆ ಆಗದು ಎಂದು ಮತ್ತೆ ಮುಟ್ಟಿದಳು.

ಕಾಗೆ ಕೂಗುವ ಹೊತ್ತಿಗೆ ಕಿಟಕಿ ಬೆಳ್ಳಗಾಯಿತು. ಮಳೆ ನಿಂತಿತ್ತು. ಗಂಗೂ ಗೋಡೆಗೆ ಒರಗಿದಲ್ಲೇ ಬಾಯಿ ತೆರೆದು ನಿದ್ದೆಹೋಗಿದ್ದಳು. ಸುಗಂಧಾಳ ತೊಡೆಯ ಮೇಲೆ ಏನೋ ಬೆಚ್ಚಗೆ ಹರಡಿತು. ಮೊದಲು ಮರಗಟ್ಟಿದ ಕಾಲಿಗೆ ಅದು ಅರ್ಥವಾಗಲಿಲ್ಲ. ಸೀರೆ ಒದ್ದೆಯಾಯಿತು, ಒದ್ದೆ ಹಾಸಿಗೆಗೆ ಇಳಿಯಿತು.

"ಹೊಯ್ತು," ಎಂದಳು. ಮತ್ತೆ ಕೂಗಿದಳು. "ಹೊಯ್ತು ಅತ್ತೆ! ಉಚ್ಚೆ ಹೊಯ್ತು!"

ಗಂಗೂ ಎದ್ದವಳು ಸೆರಗು ಎಲ್ಲಿ ಬಿತ್ತೆಂದು ನೋಡದೆ ಓಣಿಯುದ್ದಕ್ಕೂ ಓಡಿದಳು. "ಡಾಕ್ಟ್ರೆ, ನಮ್ ಕೂಸು ಉಚ್ಚೆ ಹೊಯ್ದದೆ! ಬರ್ರಾ, ಬರ್ರಾ!" ಪಕ್ಕದ ಕೋಣೆಯ ರೋಗಿಗಳೆಲ್ಲ ಎದ್ದು ಕೂತರು.

ಡಾಕ್ಟರು ಬಂದು ರೆಪ್ಪೆ ಎತ್ತಿದರು. ಮಗು ಬೆಳಕಿಗೆ ಮುಖ ಸಿಂಡರಿಸಿತು. ಅವರ ಕೈಯನ್ನು ದೂಡಿತು. "ಆಯಿ," ಎಂದಿತು. ನಾಲಿಗೆಯಿಂದ ತುಟಿ ಸವರಿಕೊಂಡು, "ನೀ," ಎಂದಿತು.

"ಈಗ ಕೊಡಬಹುದು," ಎಂದರು ಡಾಕ್ಟರು. "ಕಾಯಿಸಿ ಆರಿಸಿದ ನೀರು. ಒಂದೊಂದೇ ಚಮಚ, ನಡುವೆ ಬಿಟ್ಟು ಬಿಟ್ಟು."

ನರ್ಸು ಒದ್ದೆ ಬಟ್ಟೆ ಬದಲಿಸಲು ಬಂದಳು. ಸುಗಂಧಾ, "ಇರ್ಲಿ, ಇರ್ಲಿ," ಎಂದು ತಡೆದಳು. ರಾಮಾ ಬಟ್ಟಲು ತಂದ. ಚಮಚ ಅವಳ ಕೈಗೆ ಬಂತು. ನೀರು ತುಂಬಿಸಿಕೊಂಡಳು. ಮಗುವಿನ ಬಾಯಿಯ ಹತ್ತಿರ ಒಯ್ದು ನಿಲ್ಲಿಸಿದಳು. ಮುಂದೆ ಕೈ ಹೋಗಲಿಲ್ಲ. ಚಮಚವನ್ನು ಹಿಂದಕ್ಕೆ ತಂದು ತನ್ನ ನಾಲಿಗೆಗೆ ತಾಗಿಸಿಕೊಂಡಳು. ಸಪ್ಪೆ. ಮತ್ತೆ ತುಂಬಿಸಿದಳು.

"ಡಾಕ್ಟ್ರೆ, ಹೋಗಬೇಡಿ," ಎಂದಳು. "ನಾ ಕುಡಸ್ತೆ. ನೀವು ಇಲ್ಲೇ ನಿಂತು ನೋಡ್ತಾ ಇರಿ."

ಅವರು ನಿಂತರು. ಮಗು ಬಾಯಿ ತೆರೆಯಿತು.